ತಮ್ಮನ ಹೊಕ್ಕುಳ ಮೇಲಿದ್ದ ಒಂದಾಣೆ

ಹರಳೆಣ್ಣೆಯೂ ವಿಭೂತಿಯೂ ಬೆರೆತ ವಾಸನೆ ಎಲ್ಲಿಂದಾದರೂ ಬಂದರೆ ಈಗಲೂ ನನ್ನ ಬಲಗಣ್ಣು ತಾನಾಗಿ ಕಿರಿದಾಗುತ್ತದೆ. ಭೀಮನಬೀಡಿನ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ, ಚಿಕ್ಕಪ್ಪನ ಎದುರು ಕೂತು, ನಿಕಲ್ ಒಂದಾಣೆಗಳನ್ನು ನಾನು ಹಾಗೆಯೇ ನೋಡುತ್ತಿದ್ದೆ. ಅಂಚೆಲ್ಲ ಹೂವಿನ ಎಸಳಿನಂತೆ ಬಾಗಿದ್ದ ಆ ನಾಣ್ಯ ನನ್ನ ವಯಸ್ಸಿನವರಿಗೆ ನೆನಪಿರಬೇಕು. ಹೊಸ ಪೈಸೆ ಬಂದು ಆಣೆಗಳು ಮೂಲೆ ಸೇರುತ್ತಿದ್ದ ಕಾಲ. ಗುಂಡ್ಲುಪೇಟೆ ಸಂತೆಗೆ ಅರಿಸಿನ ಮಾರಲು ಹೋದ ಚಿಕ್ಕಪ್ಪ, ಊರವರ ಬಾಯಲ್ಲಿ ಹುಚ್ಚನೆನಿಸಿಕೊಂಡು, ಯಾರಿಗೂ ಬೇಡವಾಗುತ್ತಿದ್ದ ಆಣೆಗಳನ್ನು ಪಂಚೆಯ ತುದಿಗೆ ಕಟ್ಟಿಕೊಂಡು ಬರುತ್ತಿದ್ದ. ಅವನಿಗೆ ಬೇಕಿದ್ದದ್ದು ಇಸವಿಯ ಅಂಕಿಯ ಮೇಲೆ ಅಂಕಿ ಬಿದ್ದ ನಾಣ್ಯ. ವರ್ಷ ಬದಲಾದಾಗ ಟಂಕಸಾಲೆಯವರು ಹಳೆಯ ಅಚ್ಚನ್ನು ಎಸೆಯದೆ ಅದರ ಅಂಕಿಯ ಮೇಲೆಯೇ ಹೊಸದನ್ನು ಹೊಡೆದುಬಿಟ್ಟರೆ, ಹಳೆಯದರ ಬಾಲ ಹಿಂದಿನಿಂದ ಇಣುಕುತ್ತದಂತೆ. ಇದನ್ನು ಅವನಿಗೆ ಯಾರು ಹೇಳಿಕೊಟ್ಟರೋ ತಿಳಿಯದು. ಹತ್ತಿರದ್ದು ಅವನಿಗೆ ಮಂಜು ಮಂಜು. ಅದಕ್ಕೇ ನನ್ನ ಕಣ್ಣು ಬಾಡಿಗೆಗೆ. ಬಾಡಿಗೆ ಒಂದು ಚೂರು ಬೆಲ್ಲ. ಅವನು ಅಂಕಿಯ ಮೇಲೆ ವಿಭೂತಿ ಉಜ್ಜಿ ಉಫ್ ಎಂದು ಊದುತ್ತಿದ್ದ. ಗೀರಿನಲ್ಲಿ ಉಳಿದ ಬಿಳುಪನ್ನು ನಾನು ಹರಳೆಣ್ಣೆ ದೀಪಕ್ಕೆ ಓರೆ ಹಿಡಿದು ಓದುತ್ತಿದ್ದೆ.

"ಇಣುಕ್ತಾ ಅದಾ ಅಮ್ಮಿ?"

"ಇಲ್ಲ ಕಣ ಚಿಕ್ಕಪ್ಪ. ಬೆಲ್ಲ ಕೊಡು."

"ಇಲ್ಲ ಅನ್ನಕ್ಕೂ ಬೆಲ್ಲವಾ!"

ಕೊನೆಗೊಂದು ಸಂಜೆ ಇಣುಕಿಯೇ ಬಿಟ್ಟಿತು. ಮೂರರ ಬೆನ್ನ ಹಿಂದೆ ಎರಡರ ಬಾಲ. ಚಿಕ್ಕಪ್ಪ ನನ್ನನ್ನು ಎತ್ತಿ ಕುಣಿದ ರಭಸಕ್ಕೆ ತಲೆ ತೊಲೆಗೆ ಬಡಿಯಿತು. ನಾಣ್ಯ ವಿಭೂತಿಯ ಗೂಡು ಸೇರಿತು.

ಆ ವಾರವೇ ನನ್ನ ಎಳೆಯ ತಮ್ಮನ ಹೊಕ್ಕುಳು ಉಬ್ಬಿಕೊಂಡಿತು, ಅತ್ತಾಗಲೆಲ್ಲ ಗೋಲಿಯಂತೆ ಹೊರಕ್ಕೆ. ಉಬ್ಬಿದ ಹೊಕ್ಕುಳಿಗೆ ಕಾಸು ಕಟ್ಟುವುದು ನಮ್ಮ ಕಡೆಯ ಮದ್ದು. ಅಜ್ಜಿ ಗೂಡಿಗೆ ಕೈ ಹಾಕಿದಳು. ಚಿಕ್ಕಪ್ಪ ಹೊಲದಿಂದ ಬರುವಷ್ಟರಲ್ಲಿ ಅವನ ಒಂದಾಣೆ ಹಳೇ ಪಂಚೆಯ ಪಟ್ಟಿಯೊಳಗೆ, ಪಟ್ಟಿ ತಮ್ಮನ ಹೊಟ್ಟೆಯ ಸುತ್ತ.

"ಅವ್ವ, ಬ್ಯಾರೆ ಕಾಸ ಕಟ್ಟವ್ವ. ಅಂತದ್ದು ಇನ್ನೊಂದ್ ಸಿಕ್ಕದಿಲ್ಲ."

"ಕಟ್ಟಿದ್ ಕಾಸ ಹೊಕ್ಳು ಇಳಿಯಗಂಟ ಬಿಚ್ಚಬಾರ್ದು ಕಣ್ಲಾ. ಎಲ್ಲಿಗೋದದು ನಿನ್ ಕಾಸು? ಮಗಿನ್ ಹೊಟ್ಟೆ ಮ್ಯಾಲೆ ತಾನೆ ಕೂತದೆ?"

ಚಿಕ್ಕಪ್ಪ ಕಾದ. ಸಂತೆಯಿಂದ ಬಂದವನು ನೀರೂ ಕುಡಿಯದೆ ತೊಟ್ಟಿಲ ಬಳಿ ಹೋಗಿ ಪಟ್ಟಿಯ ಮೇಲೆ ಹೆಬ್ಬೆರಳಾಡಿಸುತ್ತಿದ್ದ. ಮೈದುನನಿಗೆ ಮಗುವಿನ ಮೇಲೆ ಎಂಥ ಅಕ್ಕರೆ ಎಂದು ಅಮ್ಮ ಹಿಗ್ಗಿದರೆ, ನಾನು ಲಂಗದ ಅಂಚನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದೆ. ಅಂತೂ ಹೊಕ್ಕುಳು ಇಳಿಯಿತು. ಅಜ್ಜಿ ಪಟ್ಟಿ ಬಿಚ್ಚಿ ನಾಣ್ಯ ಕೊಟ್ಟಳು. ಚಿಕ್ಕಪ್ಪ ವಿಭೂತಿ ಉಜ್ಜಿದ, ಊದಿದ, ನನ್ನ ಕೈಗಿಟ್ಟ. ಬಿಳುಪು ಎಲ್ಲೂ ನಿಂತಿರಲಿಲ್ಲ. ಎರಡರ ಬಾಲವಿರಲಿ, ಮೂರೇ ಇರಲಿಲ್ಲ. ಅಂಚಿನ ಎಸಳೂ ಮೊಂಡಾಗಿತ್ತು.

"ಮಗಿಗೆ ಚುಚ್ಚೀತು ಅಂತ ಒಗಿಯೋ ಕಲ್ ಮ್ಯಾಲೆ ನುಣ್ಗೆ ತೇದ್ಬುಟ್ಟು ಕಟ್ಟಿದ್ದೆ" ಎಂದ ಅಜ್ಜಿ, ನಮ್ಮ ಮುಖ ನೋಡಿ ದನಿ ಇಳಿಸಿದಳು. "ಯಾಕ್ಲಾ? ನಿನ್ ಅಂಕಿಗೇನಾರ ಆಯ್ತಾ?"

ಅಜ್ಜಿಗೆ ಓದು ಬರದು. ಅಂಕಿಯೆಂದರೆ ಅವಳಿಗೆ ಎಳೆಯ ಮೈಗೆ ಒತ್ತುವ ಒಂದು ಉಬ್ಬು, ಅಷ್ಟೇ. ನಾನು ಬಾಯಿ ತೆರೆದೆ. ಚಿಕ್ಕಪ್ಪ ನನ್ನ ಕಾಲು ಮೆಟ್ಟಿದ. ಅವನ ಹೆಬ್ಬೆರಳಿಗೆ ನನಗಿಂತ ಮೊದಲೇ ತಿಳಿದಿತ್ತು.

"ಏನೂ ಆಗಿಲ್ಲ ಕಣವ್ವ. ಅಂಗೇ ಅದೆ. ಅಲ್ವಾ ಅಮ್ಮಿ?"

"ಊಂ, ಅಂಗೇ ಅದೆ" ಎಂದೆ. ಆ ದಿನ ಇಡೀ ಬೆಲ್ಲದ ಅಚ್ಚು ಸಿಕ್ಕಿತು.

ಚಿಕ್ಕಪ್ಪ ಮತ್ತೆ ಆಣೆ ಹುಡುಕಲಿಲ್ಲ. ಆದರೆ ಅಜ್ಜಿ ಇರುವವರೆಗೂ, ಮನೆಗೆ ಬಂದ ನೆಂಟರಿಗೆಲ್ಲ ಮಗನ ಕಾಸು ತೋರಿಸಲೇಬೇಕು. ಅವನು ಊದುವುದು, ನಾನು ಓದುವುದು. ಕಾಣಲಿಲ್ಲವೆಂದರೆ ತಮ್ಮ ಕಣ್ಣಿನ ಮಾನ ಹೋದೀತೆಂದು ನೆಂಟರೂ ತಲೆಯಾಡಿಸುತ್ತಿದ್ದರು. ಅಜ್ಜಿ ಬಾಗಿಲಿಗೆ ಒರಗಿ ನಿಂತು ಬೀಗುತ್ತಿದ್ದಳು.

ಆ ಪಡಸಾಲೆ ಈಗಿಲ್ಲ, ಊದುವವನೂ ಇಲ್ಲ. ತಮ್ಮನ ಆ ಹೊಕ್ಕುಳು ಬೊಜ್ಜಿನೊಳಗೆ ಹೂತು ಎಷ್ಟೋ ಕಾಲವಾಯಿತು. ನಾಣ್ಯ ಮಾತ್ರ ನನ್ನ ಎಲೆಅಡಿಕೆ ಚೀಲದಲ್ಲಿದೆ. ಫೋನಿನಲ್ಲಿ ಹೀಗೆ ಒಂದೊಂದೇ ಅಕ್ಷರ ಒತ್ತಲು ಕಲಿಸಿದ ಮೊಮ್ಮಗಳು ಮೊನ್ನೆ ಅದನ್ನು ಫೋಟೋ ತೆಗೆದು, ದೊಡ್ಡದು ಮಾಡಿ ನೋಡಿ, "ಇದ್ರಲ್ಲಿ ಏನೂ ಇಲ್ವಲ್ಲಜ್ಜಿ" ಎಂದಳು. ನಾನು ಫೋನು ಪಕ್ಕಕ್ಕಿಡಿಸಿ, ನಾಣ್ಯಕ್ಕೆ ವಿಭೂತಿ ಉಜ್ಜಿ, ಊದಿ, ಅವಳ ಕೈಗಿಟ್ಟೆ.

"ಓರೆ ಹಿಡ್ದು ನೋಡಮ್ಮಿ. ಅಂಗೇ ಅದೆ."

ಅವಳ ಬಲಗಣ್ಣು ಮೆಲ್ಲಗೆ ಕಿರಿದಾಯಿತು.