ಮಡಿವಾಳೆಪ್ಪನ ಚಮಚದ ಮೀನು

ತಂಬೂರು ಗ್ರಾಮದ ಮಡಿವಾಳೆಪ್ಪ ಹುಟ್ಟಿದಾಗಿನಿಂದ ಮೀನು ತಿಂದವನಲ್ಲ. ಆದರೂ ಹಳೆಯ ಚಮಚ ಬಡಿದು, ಸೀಸ ಹೊಯ್ದು, ನನ್ನ ಗಾಳಕ್ಕೆ ದೊಡ್ಡ ಮೀನನ್ನು ಮರುಳು ಮಾಡುವ ಸುಳ್ಳು ಮೀನು ಮಾಡಿಕೊಡುವವನು ಅವನೇ. ಅದನ್ನು ಈಜಿಸಿ ನೋಡುವುದು ಎಮ್ಮೆಯ ನೀರಿನ ತೊಟ್ಟಿಯಲ್ಲಿ. ಎಮ್ಮೆಯ ಬಾಯಿಗೆ ಸಿಕ್ಕೀತೆಂದು ಕೊಕ್ಕೆಯನ್ನು ಕೊನೆಗೆ ಹಾಕುತ್ತಾನೆ.

ಮೊನ್ನೆ ಮಾಡಿದ್ದು ದಾರದ ತುದಿಯಲ್ಲಿ ಗರಗರ ತಿರುಗಿತು.

"ಜೀವಂತ ಮೀನ ಹಿಂಗ ತಿರಗತೈತೇನಲೇ?" ಎಂದು ರೇಗಿದೆ.

"ತಡಿಯೋ, ಬಾಲ ಭಾರ ಆಗೇತಿ."

ಬಾಲದ ಸೀಸ ಕೆರೆದು ಕರಗಿಸಿ ತಲೆಗೆ ಹೊಯ್ದ, ಮೀನಿನ ಬೆನ್ನು ತುಸು ಬಗ್ಗಿಸಿದ. ಈಗ ಅದು ಎಡಕ್ಕೂ ಬಲಕ್ಕೂ ಹೊಯ್ದಾಡುತ್ತ ಬಂತು. ನೀರಿಗೆ ಮೂತಿ ಹಾಕಿದ್ದ ಎಮ್ಮೆ ಬೆದರಿ ಹಿಂದೆ ಸರಿಯಿತು.

"ಎಮ್ಮಿ ನೀರ ಕುಡೀವಲ್ದು, ನಿಮ್ಮ ಆಟ ಸಾಕ್ರಿ!" ಎಂದು ಅವನ ಹೆಂಡತಿ ನೀಲಕ್ಕ ಸಿಡುಕಿದಳು.

ಮಡಿವಾಳೆಪ್ಪನ ಮುಖ ಅರಳಿತು. "ಎಮ್ಮೀನೇ ಇದನ್ನ ಖರೇ ಮೀನ ಅಂತ ತಿಳದೈತಿ, ಮೀನೇನ ಬಿಡತೈತಿ? ಕೊಕ್ಕಿ ಇತ್ತ ಕೊಡೋ, ಕೆರಿಗಿ ಹೋಗೂಣು!"