ಅಜ್ಜಿ ಕೊಡ ಇಳಿಸುತ್ತಿದ್ದ ಕಲ್ಲು

ನಿವೃತ್ತಿಯಾದ ಮೂರೇ ತಿಂಗಳಲ್ಲಿ ಫಿಟ್ಟರ್ ತನ್ನ ಮನೆಯ ಎಲ್ಲ ನಲ್ಲಿಗಳನ್ನೂ ಎರಡೆರಡು ಸಲ ಬಿಚ್ಚಿ ಜೋಡಿಸಿದ್ದ. ಮೂವತ್ತೈದು ವರ್ಷ ನಗರದ ನೀರು ಸರಬರಾಜಿನಲ್ಲಿ ಪೈಪು ತಿರುವಿದ ಕೈ, ಸುಮ್ಮನಿರು ಅಂದರೆ ಇದ್ದೀತೇ? ಮೂರನೇ ಸಲ ಅಡುಗೆಮನೆಯ ನಲ್ಲಿಗೆ ಸ್ಪ್ಯಾನರ್ ಹಾಕಿದಾಗ ಹೆಂಡತಿ ಸೌಟು ಹಿಡಿದೇ ಎದುರು ನಿಂತಳು.

"ರೀ, ನಿಮ್ಮ ದಮ್ಮಯ್ಯ! ನೀರಿಲ್ಲದ ಊರು ಯಾವ್ದಾದ್ರೂ ಇದ್ರೆ ಹೋಗಿ ಪುಣ್ಯ ಕಟ್ಕೊಳ್ಳಿ. ಇಲ್ಲಿ ಬರ್ತಿರೋದನ್ನ ನಿಲ್ಲಿಸ್ಬೇಡಿ."

ಅವಳು ಸಿಟ್ಟಿಗೆ ಅಂದದ್ದನ್ನು ಈ ಮಹರಾಯ ಗಟ್ಟಿಯಾಗಿ ಹಿಡಿದುಕೊಂಡ. ಸೇವಾ ಸಂಸ್ಥೆಯೊಂದರಲ್ಲಿ ಸ್ವಯಂಸೇವಕನಾಗಿ ಹೆಸರು ಬರೆಸಿ, ಬಸ್ಸು ಇಳಿದ ಮೇಲೂ ಎರಡು ಗಂಟೆ ಬೆಟ್ಟ ಹತ್ತಿ ಈ ಊರು ಸೇರಿದ. ಮೂವತ್ತು ಮನೆ, ಒಂದು ಅಂಗಡಿ. ನೀರಿನ ಒರತೆ ಮಾತ್ರ ಒಂದು ಮೈಲಿ ಆಚೆ, ಬೆಟ್ಟದ ಮಗ್ಗುಲಲ್ಲಿ. ಅಲ್ಲಿಂದ ಊರಿನ ತೊಟ್ಟಿಗೆ ಪೈಪು ಎಳೆಯುವುದು ಅವನ ಕೆಲಸ.

ಬಂದ ದಿನದಿಂದ ಅವನನ್ನು ಕಾಡಿದ್ದು ಒಂದು ಕುರ್ಚಿ. ಇಡೀ ಊರಿಗೆ ಇದ್ದದ್ದು ಅಂಗಡಿಯವನ ಅದೊಂದೇ ಪ್ಲಾಸ್ಟಿಕ್ ಕುರ್ಚಿ. ಫಿಟ್ಟರ್ ಎಲ್ಲಿ ಗುದ್ದಲಿ ಹಿಡಿದರೂ ಅಂಗಡಿಯವನು ಅದನ್ನು ಹೊತ್ತು ತಂದು, "ನೀವ್ಯಾಕೆ ಕಷ್ಟಪಡ್ತೀರಾ ಸಾರ್, ಕೂತ್ಕೊಳ್ಳಿ" ಎನ್ನುತ್ತಿದ್ದ. ಹಿಂದೆ ಬಂದಿದ್ದ ಇಬ್ಬರು ಸ್ವಯಂಸೇವಕರು ಅದೇ ಕುರ್ಚಿಯಲ್ಲಿ ಕೂತು, ಫೋಟೋ ತೆಗೆಸಿಕೊಂಡು, ಬೆಟ್ಟ ಇಳಿದಿದ್ದರಂತೆ. ಇವನೂ ಅದೇ ಪೈಕಿ ಎಂದು ಊರು ಆಗಲೇ ತೀರ್ಮಾನಿಸಿತ್ತು.

ಎಲ್ಲಕ್ಕಿಂತ ಚುಚ್ಚಿದ್ದು ಕೊಡದಜ್ಜಿಯ ಮಾತು. ಎಪ್ಪತ್ತು ದಾಟಿದರೂ ಬೆಳಕು ಹರಿಯುವ ಮುಂಚೆ ಒರತೆಗೆ ಹೊರಡುವ ಆಸಾಮಿ. "ಪೈಪ್ ಹಾಕ್ತೀರಂತೆ? ಹಾಕಿ ಹಾಕಿ. ಅಲ್ಲೀತನಕ ನಾನು ಹೊತ್ಕೊಂಡು ಬರ್ತಿರ್ತೀನಿ" ಎಂದು, ಅವನ ಮುಖ ಕೂಡ ನೋಡದೆ ನಡೆದುಬಿಟ್ಟಿದ್ದಳು.

ಫಿಟ್ಟರ್ ಹಲ್ಲುಕಚ್ಚಿ ಅಗೆದ. ಅಂಗೈ ಬೊಬ್ಬೆ ಎದ್ದಿತು, ಸೊಂಟ ಹಿಡಿಯಿತು. ಅಂಗಡಿಯವನಿಗೇ ನಾಚಿಕೆಯಾಗಿ ಕುರ್ಚಿ ಬಿಟ್ಟು ಗುದ್ದಲಿ ತಂದ. ಅವನ ಹಿಂದೆ ಇನ್ನೂ ಹತ್ತು ಜನ. ಎರಡು ತಿಂಗಳಲ್ಲಿ ಕಾಲುದಾರಿಯ ಪಕ್ಕಕ್ಕೇ ಪೈಪು ಊರು ಮುಟ್ಟಿತು. ಶನಿವಾರ ಸಂಸ್ಥೆಯವರು ನೋಡಲು ಬರುವವರಿದ್ದರು. ನೀರು ಬಂದಿರದಿದ್ದರೆ ಪೈಪು ಕಿತ್ತು ಬೇರೆ ಊರಿಗೆ ಒಯ್ಯುವುದಾಗಿ ಮೊದಲೇ ಹೇಳಿದ್ದರು.

ಗುರುವಾರ ಒರತೆಯ ಬಾಯಲ್ಲಿ ವಾಲ್ವ್ ತೆರೆದ. ಊರೆಲ್ಲ ತೊಟ್ಟಿಯ ಸುತ್ತ ಸೇರಿತ್ತು. ಪೈಪು ಒಂದೆರಡು ಸಲ ಕೆಮ್ಮಿತು, ಅಷ್ಟೇ. ಒಂದು ಹನಿಯೂ ಇಲ್ಲ! ಜನ ಒಬ್ಬೊಬ್ಬರಾಗಿ ಕೊಡ ಎತ್ತಿಕೊಂಡು ಒರತೆಯ ಕಡೆ ಹೊರಟರು. ಯಾರಾದರೂ ಬೈದಿದ್ದರೂ ಚೆನ್ನಾಗಿತ್ತು.

ಶುಕ್ರವಾರ ಮಧ್ಯಾಹ್ನದವರೆಗೂ ಒಂದೊಂದು ಜಾಯಿಂಟನ್ನೂ ಮುಟ್ಟಿ ನೋಡಿದ. ಎಲ್ಲೂ ಸೋರಿಕೆಯಿಲ್ಲ. ದಾರಿಯ ನಡುವೆ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಕೊಡದಜ್ಜಿ ಏದುಸಿರು ಬಿಡುತ್ತ ಬಂದು, ಪಕ್ಕದ ಚಪ್ಪಟೆ ಕಲ್ಲಿನ ಮೇಲೆ ಕೊಡ ಇಳಿಸಿದಳು.

"ಇಷ್ಟುದ್ದ ದಾರೀಲಿ ಇಲ್ಲೇ ಯಾಕಜ್ಜಿ ಇಳಿಸ್ತೀರಾ?"

"ಇನ್ನೆಲ್ಲಿ ಇಳಿಸ್ಲಿ? ಏರು ಮುಗಿಯೋದು ಇಲ್ಲೇ ಅಲ್ವಾ?"

"ಏರಾ? ಒರತೆಯಿಂದ ಊರಿನ ತನಕ ಬರೀ ಇಳಿಜಾರಜ್ಜಿ!"

"ಕಣ್ಣಿಗೆ ಹಂಗೇ ಕಾಣ್ಸೋದು. ಕೊಡ ಹೊತ್ತು ನೋಡಿ, ಮಂಡಿ ಹೇಳತ್ತೆ."

ಫಿಟ್ಟರ್ ಕೊಡ ಹೆಗಲಿಗೇರಿಸಿ ಐವತ್ತು ಹೆಜ್ಜೆ ಹಿಂದೆ ಹೋಗಿ, ತಿರುಗಿ ಬಂದ. ಬರುವಾಗ ಮಂಡಿ ಹೇಳಿಯೇಬಿಟ್ಟಿತು. ಥೂ, ನನ್ನ ಬುದ್ಧಿಗಿಷ್ಟು! ನಗರದಲ್ಲಿ ಪಂಪು ತಳ್ಳಿದರೆ ನೀರು ಎಲ್ಲಿಗಾದರೂ ಏರುತ್ತಿತ್ತು. ಏರು ತಗ್ಗು ನೋಡುವ ಅಭ್ಯಾಸವೇ ಅವನಿಗಿರಲಿಲ್ಲ. ಇಲ್ಲಿ ನೀರು ಇಳಿಜಾರನ್ನೇ ನಂಬಿ ಬರಬೇಕು. ಈ ದಿಬ್ಬದ ನೆತ್ತಿಯಲ್ಲಿ ಗಾಳಿ ಸಿಕ್ಕಿಕೊಂಡು ದಾರಿ ಕಟ್ಟಿತ್ತು.

ಕಲ್ಲಿನ ಪಕ್ಕದ ಜಾಯಿಂಟನ್ನು ಸಡಿಲಿಸಿದ. ಬುಸ್ಸೆಂದು ಗಾಳಿ ಹೊರಗೆ ನುಗ್ಗಿತು. ನುಗ್ಗಿತು, ನುಗ್ಗಿತು, ಆಮೇಲೆ ತಣ್ಣನೆಯ ನೀರು ರಪ್ಪೆಂದು ಮುಖಕ್ಕೆ ಹೊಡೆಯಿತು. ಮತ್ತೆ ಬಿಗಿ ಮಾಡಿ, ಅರವತ್ತರ ಮನುಷ್ಯ ಊರಿನ ಕಡೆ ಓಟಕಿತ್ತ. ಅವನು ತೊಟ್ಟಿ ತಲುಪುವ ಮೊದಲೇ ಊರಿನ ಕೇಕೆ ಕಿವಿಗೆ ಬಿತ್ತು. ಅಂಗಡಿಯವನು ಬಟ್ಟೆ ಸಮೇತ ತೊಟ್ಟಿಯೊಳಗೆ ನಿಂತಿದ್ದ. ಫಿಟ್ಟರ್‌ಗೆ ಅಳು ಬಂತು. ಹೇಗೂ ಮುಖ ಒದ್ದೆಯಿತ್ತಲ್ಲ, ಧಾರಾಳವಾಗಿ ಅತ್ತ.

ಶನಿವಾರ ಸಂಸ್ಥೆಯವರು ಬೆಟ್ಟ ಹತ್ತಿ ಬರುವುದು ಕಂಡದ್ದೇ ಅಂಗಡಿಯವನು ಕೂಗಿದ: "ಏ ಫಿಟ್ಟರಣ್ಣ, ಸುಮ್ನೆ ನಿಂತಿದ್ದೀಯಲ್ಲ! ಆ ಕುರ್ಚಿ ತಗೊಂಡ್ ಬಾ, ಸಾರ್ ಬಂದ್ರು!" ಫಿಟ್ಟರ್ ಕುರ್ಚಿ ತಲೆ ಮೇಲೆ ಹೊತ್ತು, ಹಲ್ಲುಬಿಡುತ್ತ ಹೋದ. ಸಂಸ್ಥೆಯವರು ಬೊಗಸೆಯಲ್ಲಿ ನೀರು ಕುಡಿದು, ಪೈಪು ಇಲ್ಲೇ ಇರಲಿ ಎಂದರು.

ಕೊಡದಜ್ಜಿ ಮಾತ್ರ ಅವತ್ತೂ ಒರತೆಗೆ ಹೋಗಿಬಂದಿದ್ದಳು. "ಇವತ್ತು ಬಂತು. ನಾಳೆ ಕಂಡೋರ್ಯಾರು?"

ಭಾನುವಾರ ಬೆಳಿಗ್ಗೆ ಅವಳ ಬಾಗಿಲು ತೆರೆಯಲಿಲ್ಲ. ಬಿಸಿಲು ಅಂಗಳಕ್ಕಿಳಿದರೂ ತೆರೆಯಲಿಲ್ಲ. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಒಂದು ದಿನವೂ ಹೀಗಾದದ್ದಿಲ್ಲ ಎಂದು ಪಕ್ಕದ ಮನೆಯವಳು ಗಾಬರಿಯಾದಳು. ಫಿಟ್ಟರ್ ಓಡಿಬಂದು ದಬದಬ ಬಾಗಿಲು ಬಡಿದ.

"ಅಜ್ಜೀ! ಏನಾಯ್ತಜ್ಜೀ?"

ಒಳಗಿನಿಂದ ಮೊದಲು ಒಂದು ಉದ್ದನೆಯ ಆಕಳಿಕೆ ಕೇಳಿಸಿತು.

"ತೊಟ್ಟೀಗೆ ನೀರು ಬರ್ತಿದ್ಯೇನೋ ಫಿಟ್ಟರಾ?"

"ಬರ್ತಿದೆ ಅಜ್ಜಿ, ಧಾರಾಕಾರ!"

"ನಿನ್ನ ಹೊಟ್ಟೆ ತಣ್ಣಗಿರ್ಲಿ. ಮತ್ತೆ ಬಾಗಿಲ್ಯಾಕೋ ಬಡೀತೀಯಾ? ಹೋಗು, ಮಲಗೋಕೆ ಬಿಡು!"