ನಾನು ನಿಲ್ಲಿಸಿದ ಸೂಜಿ

ರೇಣುಕಾ, ಸಕ್ಕರೆ ಇಳಿದಿದೆ, ಸೂಜಿ ಸಾಕು ಎಂದು ಡಾಕ್ಟರ್ ಹೇಳಿರಲಿಲ್ಲ. ನಾನು ಅವರಿಗೆ ಫೋನನ್ನೇ ಮಾಡಿರಲಿಲ್ಲ. ಅದು ನಿನ್ನ ಹೆತ್ತ ತಾಯಿ ಕಟ್ಟಿದ ಸುಳ್ಳು— ಇಷ್ಟು ವರ್ಷ ನುಂಗಿಕೊಂಡು ಬಂದಿದ್ದೇನೆ.

ಚೊಚ್ಚಲ ಹೆರಿಗೆಗೆಂದು ನೀನು ಉಗರಗೋಳಕ್ಕೆ ಬಂದಿದ್ದೆ. ಬಸುರಿನಲ್ಲಿ ಬಂದ ಸಕ್ಕರೆ ಕಾಯಿಲೆ, ಹೆತ್ತ ಮೇಲೆ ಹೋಗಲೂಬಹುದು, ಅಲ್ಲಿಯವರೆಗೆ ಇನ್ಸುಲಿನ್ ತಪ್ಪಿಸಬೇಡಿ, ಸಿಹಿ ಮುಟ್ಟಬೇಡಿ— ಡಾಕ್ಟರ್ ನನಗೇ ಬಿಡಿಸಿ ಹೇಳಿದ್ದರು. ನನಗೆ ಕೇಳಿಸಿದ್ದು ಕಾಯಿಲೆ ಎಂಬ ಮಾತೊಂದೇ. ಸಂಗೊಳ್ಳಿಯ ಬೀಗರಿಗೆ ಗೊತ್ತಾದರೆ? ರೋಗದ ಹೆಣ್ಣನ್ನು ಕೊರಳಿಗೆ ಕಟ್ಟಿದರು ಅಂದರೆ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಊರಿಗೆಲ್ಲ ಬುದ್ಧಿ ಹೇಳುವವಳು ನಾನು. ಯಾರ ಮುಂದೆಯೂ ಬಾಯಿ ಬಿಡಬೇಡ ಎಂದು ನಿನ್ನಿಂದ ಆಣೆ ಮಾಡಿಸಿಕೊಂಡೆ.

ಆಮೇಲೆ ಬಯಕೆಯ ಬುತ್ತಿಗಳು ಬರತೊಡಗಿದವು. ಒಮ್ಮೆ ನಿನ್ನ ಅತ್ತೆ, ಒಮ್ಮೆ ನಾದಿನಿ, ಮತ್ತೊಮ್ಮೆ ಅವರ ಅಣ್ಣತಮ್ಮಂದಿರ ಮನೆಯವರು— ಬುಟ್ಟಿ ತುಂಬ ಮಾದಲಿ, ಹೋಳಿಗೆ, ಕರ್ಚಿಕಾಯಿ, ಎಲ್ಲ ಸಿಹಿಯೇ. ಬಸುರಿ ಬುತ್ತಿಯನ್ನು ಹಿಂದಿರುಗಿಸಬಾರದು. ಬಂದವರು ಎದುರಿಗೆ ಕುಳಿತು ಉಣಿಸಿಯೇ ಏಳುತ್ತಿದ್ದರು, ಒಂದೆರಡು ದಿನ ಉಳಿದೂ ಹೋಗುತ್ತಿದ್ದರು. ಅವರ ಕಣ್ಣೆದುರು ಸೂಜಿ ಚುಚ್ಚುವುದು ಹೇಗೆ?

"ಡಾಕ್ಟರಿಗೆ ಫೋನ್ ಮಾಡಿದ್ನೆವಾ. ಸಕ್ಕರಿ ಇಳದೈತಿ, ಇನ್ನ ಸೂಜಿ ಸಾಕಂದ್ರು. ತಿನ್ನು, ಏನೂ ಆಗಂಗಿಲ್ಲ," ಎಂದೆ.

ನೀನು ನಂಬಿದೆ. ಎಷ್ಟು ಸಂತೋಷಪಟ್ಟೆ! ಬೀಗರ ನೆಪ ಹೇಳಿ ನಾನು ತಪಾಸಣೆಯನ್ನೂ ಮುಂದೂಡುತ್ತ ಹೋದೆ. ನಿನ್ನ ಹೊಟ್ಟೆ ತಿಂಗಳು ಮೀರಿ ಬೆಳೆಯಿತು. "ಅವ್ವಾ, ಹೊಟ್ಟಿ ಬಿರಿತೈತೇನೋ ಅನಸಾಕ ಹತ್ತೈತಿ," ಅಂದೆ. ಪೈಲ್ವಾನ ಹುಟ್ಟುತ್ತಾನೆ ಎಂದು ನಕ್ಕೆ— ನಾನು, ಎಲ್ಲ ಗೊತ್ತಿದ್ದ ನಾನು.

ಹೆರಿಗೆಯಲ್ಲಿ ಮಗು ಉಸಿರಾಡಲಿಲ್ಲ. ಏರಿದ ಸಕ್ಕರೆಯಿಂದ ಕೂಸು ಅತಿಯಾಗಿ ಬೆಳೆದು, ಸುತ್ತಲಿನ ನೀರೂ ಹೆಚ್ಚಾಗಿ, ಗರ್ಭಕೋಶ ಮಿತಿಮೀರಿ ಹಿಗ್ಗಿತ್ತಂತೆ. ಹೆತ್ತ ಮೇಲೆ ಅದು ಬಿಗಿಯಾಗಿ ಕುಗ್ಗಿದರೆ ರಕ್ತ ನಿಲ್ಲುತ್ತದೆ. ನಿನ್ನದು ಕುಗ್ಗಲೇ ಇಲ್ಲ. ಕೊನೆಗೆ ನಿನ್ನ ಜೀವ ಉಳಿಸಲು ಅದನ್ನೇ ತೆಗೆದರು.

"ಸೂಜಿ ತಪ್ಪಿಸಿಲ್ಲಲ್ರಿ?" ಎಂದು ಡಾಕ್ಟರ್ ಕೇಳಿದರು.

"ಇಲ್ರಿ," ಎಂದೆ. ನಿನಗಿನ್ನೂ ಎಚ್ಚರ ಬಂದಿರಲಿಲ್ಲ.

ಅಂದಿನಿಂದ ನಿನ್ನದು ಒಂದೇ ಮಾತು— "ನನ್ನ ಮೈಯಾಗ ದೋಷ ಐತಿ." ಗಂಡನಿಗೆ ಇನ್ನೊಂದು ಮದುವೆ ಮಾಡಿಕೊಳ್ಳಿ ಎಂದು ಹೇಳಿ ನೀನಾಗಿಯೇ ತವರಿಗೆ ಬಂದು ಕುಳಿತೆ. ನಾನು ನಿನ್ನ ತಲೆ ಸವರುತ್ತ ಹಣೆಬರಹವನ್ನು ಬೈಯುತ್ತೇನೆ.

ನಿನ್ನೆ ಎದುರುಮನೆಯ ಬಸುರಿ ಸೊಸೆಗೆ ಕುಬಸದ ಶಾಸ್ತ್ರ. ಉಡಿ ತುಂಬಲು ನನ್ನನ್ನು ಕರೆದರು, ನಿನ್ನನ್ನು ಕರೆಯಲಿಲ್ಲ— ಮಕ್ಕಳಿಲ್ಲದವಳ ಕೈ ಬೇಡವಂತೆ. ನಾನು ಇಳಕಲ್ ಸೀರೆ ಉಟ್ಟು ಹೋದೆ. ಉಡಿ ತುಂಬಿ, ಸೋಬಾನೆ ಹಾಡಿ, ಉಂಡು ಬಂದೆ.

ಬಂದಾಗ ನೀನೇ ನೀರು ತಂದುಕೊಟ್ಟೆ. "ಕುಬಸ ಚಂದ ಆತೇನವ್ವಾ?" ಎಂದು ಕೇಳಿದೆ.

ದೋಷ ನಿನ್ನದಲ್ಲ ಮಗಳೇ, ನನ್ನದು— ಆಗಲೇ ಹೇಳಬೇಕಿತ್ತು.

"ಚಂದ ಆತು," ಎಂದೆ.